ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್: ಯಾರಿಗೆ ಅಪಾಯ ಹೆಚ್ಚು, ಯಾರು ಯಾವಾಗ ಎಚ್ಚರವಾಗಬೇಕು

ಮೂವತ್ತೆರಡು ವರ್ಷದ ಹೆಂಗಸಿಗೆ ಸ್ನಾನ ಮಾಡುವಾಗ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತೆನ್ನಿ. ಮನೆಯಲ್ಲಿ ಹೇಳಿಕೊಂಡರೆ ಅಮ್ಮ, ಅತ್ತೆ, ನಾದಿನಿ ಎಲ್ಲರ ಬಾಯಲ್ಲೂ ಒಂದೇ ಮಾತು: “ಈ ವಯಸ್ಸಿಗೆ ಅದೆಲ್ಲ ಬರಲ್ಲ, ಸುಮ್ನಿರು.” ಕೆಲವು ಸಲ ಡಾಕ್ಟರೂ ಕೈಯಿಟ್ಟು ನೋಡದೆ ಅದನ್ನೇ ಹೇಳಿ, ಒಂದು ಚೀಟಿ ಬರೆದುಕೊಟ್ಟು ಕಳಿಸುವುದುಂಟು. ಬಹುಪಾಲು ಸಲ ಅವರ ಮಾತೇ ನಿಜವಾಗಿರುತ್ತದೆ. ಚಿಕ್ಕ ವಯಸ್ಸಿನವರ ಎದೆಯಲ್ಲಿ ಕಾಣಿಸುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಉಳಿದವರ ಪಾಲಿಗೆ ಆ “ಸುಮ್ನಿರು” ಎಂಬ ಮಾತು ಚಿಕಿತ್ಸೆ ಸುಲಭವಾಗಿದ್ದ ತಿಂಗಳುಗಳನ್ನೆಲ್ಲ ನುಂಗಿಬಿಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, 98 ಸಾವಿರದಷ್ಟು ಮಂದಿ ತೀರಿಕೊಂಡರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ಪ್ರಕರಣಗಳ ನೋಂದಣಿ ಇಟ್ಟುಕೊಂಡು ಬಂದಿದೆ. ಒಂದು ಕಾಲದಲ್ಲಿ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು, ಈಗ ಆ ಜಾಗದಲ್ಲಿ ಸ್ತನ ಕ್ಯಾನ್ಸರ್ ಇದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ಅರವತ್ತರ ಆಸುಪಾಸಿನಲ್ಲಿ ಕಾಣಿಸಿಕೊಂಡರೆ ನಮ್ಮಲ್ಲಿ ಸುಮಾರು ಹತ್ತು ವರ್ಷ ಮೊದಲೇ ಪತ್ತೆಯಾಗುತ್ತದೆ.

ಈ ಕೊನೆಯ ಮಾತನ್ನು ಕೇಳಿ ಗಾಬರಿಯಾಗುವವರು ಬಹಳ. ಹಾಗಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಜನಸಂಖ್ಯೆಯಲ್ಲಿ ಚಿಕ್ಕ ವಯಸ್ಸಿನವರೇ ಹೆಚ್ಚು, ಆದ್ದರಿಂದ ರೋಗಿಗಳಲ್ಲೂ ಅವರ ಪಾಲು ಹೆಚ್ಚಾಗಿ ಕಾಣುತ್ತದೆ. ಮೈಸೂರಿನ ಮೂವತ್ತರ ಹೆಣ್ಣುಮಗಳಿಗೆ ಲಂಡನ್ನಿನ ಮೂವತ್ತರ ಹೆಣ್ಣುಮಗಳಿಗಿಂತ ಅಪಾಯ ಹೆಚ್ಚು ಅಂತೇನೂ ಇದರ ಅರ್ಥವಲ್ಲ. ನಮ್ಮ ತೊಂದರೆ ಬೇರೆ ಕಡೆ ಇದೆ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಸ್ತನವನ್ನು ದಾಟಿ ಕಂಕುಳಿನ ಗ್ರಂಥಿಗೋ ಸುತ್ತಲಿನ ಭಾಗಕ್ಕೋ ಹಬ್ಬಿರುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಬೇಗ ಬೆಳೆಯುವ ಬಗೆಯ ಗಡ್ಡೆಗಳೂ ತುಸು ಹೆಚ್ಚು. ಹಾರ್ಮೋನ್ ಮಾತ್ರೆಗೂ ಹರ್‌ಸೆಪ್ಟಿನ್‌ನಂಥ ಇಂಜೆಕ್ಷನ್‌ಗೂ ಬಗ್ಗದ, ಡಾಕ್ಟರುಗಳು ‘ಟ್ರಿಪಲ್ ನೆಗೆಟಿವ್’ ಎನ್ನುವ ಬಗೆ ಅಂಥದ್ದು. ಇಂಥವರಿಗೆ ಕಳೆದುಹೋದ ನಾಲ್ಕು ತಿಂಗಳು ದುಬಾರಿಯಾಗುತ್ತದೆ.

ಅಪಾಯಕಾರಿ ಅಂಶಗಳ ಪಟ್ಟಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಅದರಲ್ಲಿ ವಂಶವಾಹಿಯೂ ಇರುತ್ತದೆ, ತಡವಾದ ಮದುವೆಯೂ ಇರುತ್ತದೆ, ಗರ್ಭನಿರೋಧಕ ಮಾತ್ರೆಯೂ ಇರುತ್ತದೆ. ಎಲ್ಲವೂ ಒಂದೇ ತೂಕದವೆಂಬ ಹಾಗೆ ಸಾಲಾಗಿ ನಿಂತಿರುತ್ತವೆ. ತೂಕ ಒಂದೇ ಅಲ್ಲ. ಮೂರ್ನಾಲ್ಕು ಅಂಶಗಳು ನಿಜವಾಗಿಯೂ ದೊಡ್ಡವು. ಅವು ಇದ್ದವರು ಪರೀಕ್ಷೆಯ ಕ್ರಮವನ್ನೇ ಬದಲಿಸಿಕೊಳ್ಳಬೇಕು. ಉಳಿದವು ಸಣ್ಣವು, ತಿಳಿದಿದ್ದರೆ ಒಳ್ಳೆಯದು, ಅದಕ್ಕಾಗಿ ನಿದ್ದೆಗೆಡಬೇಕಿಲ್ಲ.

ರಕ್ತಸಂಬಂಧದಲ್ಲಿ ಬರುವ ಅಪಾಯ

ದೊಡ್ಡ ಅಂಶಗಳಲ್ಲಿ ಮೊದಲನೆಯದು ಹುಟ್ಟಿನಿಂದಲೇ ಬರುವ ವಂಶವಾಹಿ ದೋಷ. ಅಮೆರಿಕದ ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ 1990ರಲ್ಲಿ, ಕೆಲವು ಮನೆತನಗಳಲ್ಲಿ ಸ್ತನ ಕ್ಯಾನ್ಸರ್ ಮತ್ತೆಮತ್ತೆ ಬರಲು ಕಾರಣವಾದ ಜೀನ್ 17ನೇ ವರ್ಣತಂತುವಿನಲ್ಲಿದೆ ಎಂದು ತೋರಿಸಿಕೊಟ್ಟರು. ಅದೇ ಬಿಆರ್‌ಸಿಎ1. ಕೆಲವೇ ವರ್ಷಗಳಲ್ಲಿ 13ನೇ ವರ್ಣತಂತುವಿನಲ್ಲಿ ಬಿಆರ್‌ಸಿಎ2 ಸಿಕ್ಕಿತು. ಈ ಎರಡೂ ಜೀನ್‌ಗಳು ಎಲ್ಲರಲ್ಲೂ ಇರುತ್ತವೆ. ಜೀವಕೋಶದ ಡಿಎನ್‌ಎಗೆ ಪೆಟ್ಟಾದಾಗ ಸರಿಪಡಿಸುವುದು ಅವುಗಳ ಕೆಲಸ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ ಆ ರಿಪೇರಿ ತಪ್ಪಿಹೋಗುವ ಸಂಭವ ಹೆಚ್ಚುತ್ತದೆ.

ಎಷ್ಟು ಹೆಚ್ಚುತ್ತದೆ? ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸುಮಾರು 30 ಮಹಿಳೆಯರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆಯಿದೆ. ಈ ದೋಷವಿರುವ ಮನೆತನಗಳ ಮೇಲೆ ನಡೆದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 80 ವರ್ಷದೊಳಗೆ ನೂರಕ್ಕೆ ಸುಮಾರು 70 ಮಂದಿಗೆ ಬಂದದ್ದು ಕಂಡಿತು. ಜೊತೆಗೆ ಅಂಡಾಶಯದ ಕ್ಯಾನ್ಸರ್ ಬಿಆರ್‌ಸಿಎ1 ಇದ್ದವರಲ್ಲಿ ನೂರಕ್ಕೆ 44, ಬಿಆರ್‌ಸಿಎ2 ಇದ್ದವರಲ್ಲಿ 17. ಬಿಆರ್‌ಸಿಎ1ರ ಹಾವಳಿ ಮೂವತ್ತು ನಲವತ್ತರ ವಯಸ್ಸಿನಲ್ಲೇ ಏರತೊಡಗುತ್ತದೆ. ನಟಿ ಆಂಜೆಲಿನಾ ಜೋಲಿ 2013ರಲ್ಲಿ ಕ್ಯಾನ್ಸರ್ ಬರುವ ಮೊದಲೇ ಎರಡೂ ಸ್ತನಗಳ ಅಂಗಾಂಶ ತೆಗೆಸಿಕೊಂಡದ್ದನ್ನು ಬರೆದದ್ದು ಈ ದೋಷದ ಕಾರಣಕ್ಕೇ. ಅವರ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಇವೆರಡಲ್ಲದೆ ಪಿಎಎಲ್‌ಬಿ2, ಟಿಪಿ53 ಮುಂತಾದ ಜೀನ್‌ಗಳೂ ಇವೆ.

ಒಟ್ಟು ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಹೀಗೆ ವಂಶದಿಂದ ಬಂದವರು ನೂರಕ್ಕೆ 5ರಿಂದ 10 ಮಾತ್ರ. ಚಿಕ್ಕ ವಯಸ್ಸಿನ ರೋಗಿಗಳಲ್ಲಿ ಈ ಪಾಲು ಇನ್ನೂ ದೊಡ್ಡದು. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ತಿದ್ದಲೇಬೇಕು.

ಒಂದು, ಇದು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂಬುದು. ದೋಷವಿರುವ ತಂದೆ ಆರೋಗ್ಯವಾಗೇ ಇದ್ದರೂ ಮಗಳಿಗೆ ಅದನ್ನು ದಾಟಿಸುವ ಸಾಧ್ಯತೆ ತಾಯಿಯಷ್ಟೇ, ಅಂದರೆ ಅರ್ಧಕ್ಕರ್ಧ. ಸೋದರತ್ತೆಗೆ ನಲವತ್ತರಲ್ಲಿ ಸ್ತನ ಕ್ಯಾನ್ಸರ್ ಆಗಿತ್ತೆಂದರೆ ಅದು ನಿಮ್ಮ ಲೆಕ್ಕಕ್ಕೂ ಬರುತ್ತದೆ. ಇನ್ನೊಂದು, ಸೋದರಿಕೆಯಲ್ಲಿ ಮದುವೆಯಾದದ್ದರಿಂದಲೇ ಹೀಗಾಯಿತು ಎಂಬುದು. ಈ ದೋಷ ಕೆಲಸ ಮಾಡಲು ಒಂದೇ ಕೆಟ್ಟ ಪ್ರತಿ ಸಾಕು, ತಂದೆತಾಯಿ ಇಬ್ಬರೂ ಕೊಡಬೇಕೆಂದಿಲ್ಲ. ಹಾಗಾಗಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಅಮ್ಮನ ಮೇಲೆ ಹೊಣೆ ಹೊರಿಸುವುದರಲ್ಲಿ ನ್ಯಾಯವಿಲ್ಲ.

ಒಂದು ಹಾಳೆ, ಒಂದು ಪೆನ್ನು

ಡಾಕ್ಟರ ಬಳಿ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ, ಕಾಸಿನ ಖರ್ಚಿಲ್ಲದ ಕೆಲಸವೊಂದಿದೆ: ಮನೆತನದ ರೋಗಗಳ ಪಟ್ಟಿ ಬರೆಯುವುದು. ಹಾಳೆಯ ನಡುವೆ ನಿಮ್ಮ ಹೆಸರು ಬರೆಯಿರಿ. ಪಕ್ಕದಲ್ಲಿ ಒಡಹುಟ್ಟಿದವರು. ಮೇಲಿನ ಸಾಲಿನ ಎಡಕ್ಕೆ ಅಮ್ಮ ಮತ್ತು ಅವರ ಅಕ್ಕತಂಗಿಯರು, ಅಣ್ಣತಮ್ಮಂದಿರು. ಬಲಕ್ಕೆ ಅಪ್ಪ ಮತ್ತು ಅವರ ಒಡಹುಟ್ಟಿದವರು. ಅದರ ಮೇಲೆ ಎರಡೂ ಕಡೆಯ ಅಜ್ಜ ಅಜ್ಜಿ. ಕ್ಯಾನ್ಸರ್ ಆದವರ ಹೆಸರಿನ ಕೆಳಗೆ ಯಾವ ಅಂಗ, ಎಷ್ಟನೇ ವಯಸ್ಸಿನಲ್ಲಿ ಗೊತ್ತಾಯಿತು ಎಂಬೆರಡನ್ನೇ ಬರೆದರೆ ಸಾಕು.

ಬರೆಯಲು ಕೂತರೆ ಕಷ್ಟ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. “ದೊಡ್ಡಮ್ಮ ಹೊಟ್ಟೆಯಲ್ಲಿ ನೀರು ತುಂಬಿ ಹೋದಳು”, “ಚಿಕ್ಕಜ್ಜಿಗೆ ಎದೆಯಲ್ಲಿ ಹುಣ್ಣಾಗಿತ್ತು, ನಾಟಿ ಔಷಧಿ ಹಚ್ಚಿಸ್ತಿದ್ರು” ಎಂಬಷ್ಟು ಸಿಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡದ್ದು ಲಿವರ್ ತೊಂದರೆಯೂ ಇರಬಹುದು, ಅಂಡಾಶಯದ ಕ್ಯಾನ್ಸರೂ ಇರಬಹುದು. ವಾಸಿಯಾಗದೆ ಉಳಿದ ಎದೆಯ ಹುಣ್ಣಂತೂ ಸ್ತನ ಕ್ಯಾನ್ಸರೇ ಆಗಿದ್ದಿರಬಹುದು. ಅಜ್ಜಿಯನ್ನೋ ಹಿರಿಯ ಸೋದರತ್ತೆಯನ್ನೋ ಹತ್ತಿರ ಕೂರಿಸಿಕೊಂಡು ನಿಧಾನವಾಗಿ ಕೇಳಿ. ಆಗ ಅವರಿಗೆ ಮಕ್ಕಳೆಷ್ಟಾಗಿದ್ದವು, ಕೊನೆಯ ಮಗು ಎಷ್ಟು ದೊಡ್ಡದಿತ್ತು ಎಂದು ಕೇಳಿದರೆ ವಯಸ್ಸಿನ ಅಂದಾಜು ಸಿಗುತ್ತದೆ. ಹಳೇ ಟ್ರಂಕಿನಲ್ಲಿ ಆಸ್ಪತ್ರೆಯ ಕಾಗದವಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ.

ಈ ಹಾಳೆಯಲ್ಲಿ 50ರೊಳಗೆ ಸ್ತನ ಕ್ಯಾನ್ಸರ್ ಆದವರಿದ್ದರೆ, ಒಂದೇ ಕಡೆ ಇಬ್ಬರು ಮೂವರಿಗೆ ಆಗಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ, ಗಂಡಸಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ, ಅದನ್ನು ಹಿಡಿದುಕೊಂಡು ಕ್ಯಾನ್ಸರ್ ತಜ್ಞರ ಬಳಿ ಹೋಗಿ ಜೆನೆಟಿಕ್ ಕೌನ್ಸೆಲಿಂಗ್ ಬೇಕೇ ಎಂದು ಕೇಳಬೇಕು. ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸುವುದಾದರೆ ಮೊದಲು ಮಾಡಿಸಬೇಕಾದದ್ದು ಮನೆಯಲ್ಲಿ ಕ್ಯಾನ್ಸರ್ ಬಂದವರಿಗೆ. ಅವರಲ್ಲಿ ದೋಷ ಸಿಕ್ಕರೆ ಉಳಿದವರು ಅದೊಂದನ್ನೇ ನೋಡಿಸಿಕೊಂಡರಾಯಿತು. ಪರೀಕ್ಷೆಯ ವರದಿಯಲ್ಲಿ ಕೆಲವು ಸಲ “ಅರ್ಥ ಸ್ಪಷ್ಟವಿಲ್ಲದ ಬದಲಾವಣೆ” ಎಂದು ಬರುವುದುಂಟು. ಅದನ್ನು ದೋಷವೆಂದು ತಿಳಿದು ಆಪರೇಷನ್ ತನಕ ಹೋಗಬಾರದು. ಜಾಹೀರಾತು ನೋಡಿ ಲ್ಯಾಬಿಗೆ ನೇರವಾಗಿ ರಕ್ತ ಕಳಿಸುವ ಬದಲು, ವರದಿಯನ್ನು ಎದುರು ಕೂತು ವಿವರಿಸುವವರಿರುವ ಕಡೆಯೇ ಮಾಡಿಸಿ.

ದೋಷವಿದೆ ಎಂದು ಗೊತ್ತಾದರೆ ಮಾಡಲು ಬೇಕಾದಷ್ಟಿದೆ. ಸಾಮಾನ್ಯವಾಗಿ 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಅದರ ಜೊತೆ ಮ್ಯಾಮೊಗ್ರಾಂ, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವ ಬಗ್ಗೆ ಮಾತುಕತೆ. ಸ್ತನ ತೆಗೆಸುವುದು ಒಂದು ದಾರಿ ಮಾತ್ರ, ಅದು ಕಡ್ಡಾಯವಲ್ಲ. ದೋಷ ಸಿಗದಿದ್ದರೂ ತಾಯಿಗೋ ಅಕ್ಕತಂಗಿಗೋ ಆಗಿದ್ದರೆ ನಿಮ್ಮ ಅಪಾಯ ಸರಿಸುಮಾರು ಎರಡರಷ್ಟು. ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು ನಿಮ್ಮ ತಪಾಸಣೆ ಶುರುವಾಗಬೇಕೆಂಬುದು ಡಾಕ್ಟರುಗಳು ಪಾಲಿಸುವ ಲೆಕ್ಕ.

ಉಳಿದ ಎರಡು ದೊಡ್ಡ ಅಂಶಗಳು ಕಡಿಮೆ ಮಂದಿಗೆ ಅನ್ವಯಿಸುತ್ತವೆ. ಹದಿಹರೆಯದಲ್ಲೋ ಇಪ್ಪತ್ತರ ವಯಸ್ಸಿನಲ್ಲೋ ಹಾಡ್ಕಿನ್ ಲಿಂಫೋಮಾದಂಥ ಕಾಯಿಲೆಗೆ ಎದೆಯ ಭಾಗಕ್ಕೆ ರೇಡಿಯೇಷನ್ ಕೊಡಿಸಿಕೊಂಡವರು ಒಂದು ಗುಂಪು. ಅವರು ಗುಣವಾಗಿ ಎಷ್ಟೇ ವರ್ಷವಾಗಿರಲಿ, ರೇಡಿಯೇಷನ್ ಮುಗಿದ ಎಂಟು ವರ್ಷಕ್ಕೆ ಅಥವಾ 25 ತುಂಬಿದ ಮೇಲೆ, ಯಾವುದು ಆಮೇಲೆ ಬರುತ್ತದೋ ಆಗಿನಿಂದ ವರ್ಷವರ್ಷ ತಪಾಸಣೆ ಮಾಡಿಸಬೇಕು. ಅಪ್ಪಅಮ್ಮ ಮಗಳಿಗೆ ಈ ಹಳೆಯ ಕಥೆ ಹೇಳದೆ ಮುಚ್ಚಿಟ್ಟು ಮದುವೆ ಮಾಡುವುದುಂಟು. ಅದು ಅವಳ ಪ್ರಾಣಕ್ಕೇ ತೊಂದರೆ. ಇನ್ನೊಂದು ಗುಂಪು, ಹಿಂದೆ ಗಂಟು ತೆಗೆಸಿದಾಗ ಬಯಾಪ್ಸಿ ವರದಿಯಲ್ಲಿ ‘ಅಟಿಪಿಕಲ್ ಹೈಪರ್‌ಪ್ಲೇಸಿಯಾ’ ಎಂದು ಬಂದವರು. ಅದು ಕ್ಯಾನ್ಸರ್ ಅಲ್ಲ. ಆದರೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಸುಮಾರು ನಾಲ್ಕರಷ್ಟು. ಹುಡುಗಿಯರಲ್ಲಿ ಸಾಮಾನ್ಯವಾದ, ಬೆರಳು ತಾಗಿದರೆ ಅತ್ತಿತ್ತ ಜಾರುವ ಫೈಬ್ರೋಅಡಿನೋಮಾ ಗಂಟು ಈ ಲೆಕ್ಕಕ್ಕೆ ಬರುವುದಿಲ್ಲ.

ಹೆರಿಗೆ, ಮೊಲೆಹಾಲು, ಮಾತ್ರೆ

ಬೇಗ ಮೈನೆರೆಯುವುದು, ಮೊದಲ ಮಗು ಮೂವತ್ತು ದಾಟಿದ ಮೇಲೆ ಆಗುವುದು, ಮಕ್ಕಳೇ ಆಗದಿರುವುದು ಇವೆಲ್ಲ ಅಪಾಯವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತವೆ. ಸ್ತನದ ಜೀವಕೋಶಗಳು ಹೆಣ್ಣು ಹಾರ್ಮೋನುಗಳ ಏರಿಳಿತಕ್ಕೆ ಎಷ್ಟು ವರ್ಷ ಒಡ್ಡಿಕೊಳ್ಳುತ್ತವೆ ಎಂಬುದೇ ಇದರ ಹಿಂದಿನ ಲೆಕ್ಕಾಚಾರ. ಆದರೆ ಓದಿಗೆಂದೋ ಕೆಲಸಕ್ಕೆಂದೋ ಮದುವೆ ಮುಂದೂಡಿದ ಹೆಣ್ಣುಮಗಳಿಗೆ ರೋಗ ಬಂದಾಗ “ಹೊತ್ತಿಗೆ ಸರಿಯಾಗಿ ಮಕ್ಕಳು ಮಾಡಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ” ಎನ್ನುವುದು ಕ್ರೌರ್ಯ, ವಿಜ್ಞಾನವೂ ಹಾಗೆ ಹೇಳುವುದಿಲ್ಲ. ಇವು ಸಾವಿರಾರು ಮಂದಿಯನ್ನು ಒಟ್ಟಿಗೆ ನೋಡಿದಾಗ ಕಾಣುವ ಸಣ್ಣ ವ್ಯತ್ಯಾಸಗಳು. ಒಬ್ಬಳಿಗೆ ಇದರಿಂದಲೇ ಬಂತು ಎಂದು ಬೆರಳು ತೋರಿಸಲಾಗದು.

ಮಗುವಾದ ತಕ್ಷಣ ರಕ್ಷಣೆ ಶುರುವಾಗುತ್ತದೆ ಎಂಬುದೂ ನಿಜವಲ್ಲ. ಹೆರಿಗೆಯ ನಂತರ ಕೆಲವು ವರ್ಷ ಅಪಾಯ ತುಸು ಏರಿ, ಸುಮಾರು ಐದನೇ ವರ್ಷದಲ್ಲಿ ತುದಿ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಹೆರಿಗೆಯ ಲಾಭ ಕಾಣುವುದು ದಶಕಗಳ ನಂತರ. ಮೊಲೆಹಾಲು ಕುಡಿಸುವುದರಿಂದ ಮಾತ್ರ ಲಾಭವಿದೆ: 30 ದೇಶಗಳ ಮಾಹಿತಿ ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹಾಲು ಕುಡಿಸಿದ ಪ್ರತಿ ಹನ್ನೆರಡು ತಿಂಗಳಿಗೆ ಅಪಾಯ ನೂರಕ್ಕೆ 4.3ರಷ್ಟು ಇಳಿಯುತ್ತದೆ.

ಬಾಣಂತಿಯರ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ರೋಗ ಅಡಗಿಕೊಳ್ಳಲು ಬಾಣಂತನದಷ್ಟು ಅನುಕೂಲವಾದ ಕಾಲ ಇನ್ನೊಂದಿಲ್ಲ. ಎದೆ ಗಟ್ಟಿಯಾದರೆ ಹಾಲು ಕಟ್ಟಿಕೊಂಡಿದೆ ಎನ್ನುತ್ತಾರೆ. ಬಿಸಿನೀರಿನ ಶಾಖ ಕೊಡುತ್ತಾರೆ, ಹಾಲು ಹಿಂಡಿ ತೆಗೆಸುತ್ತಾರೆ, ಹಾಲು ಬತ್ತಿಸಬೇಕಾದಾಗ ಮಲ್ಲಿಗೆ ಹೂವನ್ನು ಎದೆಗೆ ಕಟ್ಟುತ್ತಾರೆ. ಹಾಲು ಕಟ್ಟಿದ್ದರೆ ಮಗು ಕುಡಿದು ಖಾಲಿಯಾದ ಮೇಲೆ ಗಟ್ಟಿ ಭಾಗ ಕರಗಬೇಕು. ಸೋಂಕಾಗಿ ಜ್ವರ ಬಂದಿದ್ದರೆ ಆ್ಯಂಟಿಬಯಾಟಿಕ್ ತೆಗೆದುಕೊಂಡ ಕೆಲವು ದಿನಗಳಲ್ಲಿ ಕೆಂಪು, ಬಿಸಿ ಇಳಿಯಬೇಕು. ಎರಡು ವಾರವಾದರೂ ಗಟ್ಟಿ ಅಲ್ಲೇ ಉಳಿದರೆ, ಅಥವಾ ಮಗು ಇದ್ದಕ್ಕಿದ್ದಂತೆ ಒಂದೇ ಕಡೆಯ ಎದೆಯನ್ನು ಒಲ್ಲೆನೆನ್ನತೊಡಗಿ ಅಲ್ಲಿ ಗಂಟೂ ಇದ್ದರೆ, ಸ್ಕ್ಯಾನಿಂಗ್ ಮಾಡಿಸಬೇಕು. ಬಸುರಿಯಲ್ಲೂ ಬಾಣಂತನದಲ್ಲೂ ಅಲ್ಟ್ರಾಸೌಂಡ್ ಮಾಡಬಹುದು, ಸೂಜಿ ಬಯಾಪ್ಸಿಯನ್ನೂ ಮಾಡಬಹುದು. ತಿಂಗಳು ತುಂಬಲಿ, ಮಗು ಹಾಲು ಬಿಡಲಿ ಎಂದು ಕಾಯಬೇಕಾಗಿಲ್ಲ.

ಗರ್ಭನಿರೋಧಕ ಮಾತ್ರೆಯ ಬಗ್ಗೆ ಹೆದರಿಕೆ ಇರುವಷ್ಟು ಅಪಾಯವಿಲ್ಲ. ಡೆನ್ಮಾರ್ಕಿನಲ್ಲಿ 18 ಲಕ್ಷ ಮಹಿಳೆಯರನ್ನು ಗಮನಿಸಿ 2017ರಲ್ಲಿ ಹೊರಬಂದ ಅಧ್ಯಯನದಲ್ಲಿ, ಹಾರ್ಮೋನ್ ಗರ್ಭನಿರೋಧಕ ಬಳಸುವ ಸುಮಾರು 7,690 ಮಂದಿಯಲ್ಲಿ ವರ್ಷಕ್ಕೆ ಒಬ್ಬರಿಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬಂದದ್ದು ಕಂಡಿತು. ಮೂವತ್ತೈದರ ಕೆಳಗಿನವರಲ್ಲಿ ಇದು ಇನ್ನೂ ಕಡಿಮೆ. ಮಾತ್ರೆ ನಿಲ್ಲಿಸಿದ ಮೇಲೆ ಅಪಾಯವೂ ಕ್ರಮೇಣ ಇಳಿಯುತ್ತದೆ, ಮೇಲಾಗಿ ಅದೇ ಮಾತ್ರೆ ಅಂಡಾಶಯದ ಕ್ಯಾನ್ಸರನ್ನು ತಗ್ಗಿಸುತ್ತದೆ. ಮನೆತನದಲ್ಲಿ ರೋಗವಿದ್ದವರು, ಬಿಆರ್‌ಸಿಎ ದೋಷವಿದ್ದವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಉಳಿದವರು ಹೆದರಿ ಬಿಟ್ಟು ಬೇಡದ ಬಸುರು ಕಟ್ಟಿಕೊಳ್ಳಬೇಕಿಲ್ಲ.

ಮದ್ಯದ ವಿಷಯದಲ್ಲಿ ಇಂಥ ಎರಡು ಬಗೆಯ ಮಾತಿಲ್ಲ. ದಿನಕ್ಕೊಂದು ಪೆಗ್‌ನಷ್ಟು ಕುಡಿದರೂ ಅಪಾಯ ನೂರಕ್ಕೆ ಏಳೆಂಟರಷ್ಟು ಏರುತ್ತದೆ, ವೈನಾದರೂ ಬಿಯರಾದರೂ ಅಷ್ಟೇ. ವಾರಕ್ಕೆ ಒಟ್ಟು ಎರಡೂವರೆ ಗಂಟೆಯ ಬಿರುಸು ನಡಿಗೆ, ಸೈಕಲ್, ಯಾವುದಾದರೂ ಸರಿ, ಅಪಾಯವನ್ನು ತುಸು ಇಳಿಸುತ್ತದೆ. ತೂಕದ ಹೊರೆ ಹೆಚ್ಚಾಗಿ ಕಾಡುವುದು ಮುಟ್ಟು ನಿಂತ ಮೇಲೆ. ಬಿಗಿ ಬ್ರಾ, ಕಪ್ಪು ಬ್ರಾ, ಡಿಯೊಡರೆಂಟ್, ರವಿಕೆಯೊಳಗೆ ಇಟ್ಟ ಮೊಬೈಲ್, ಮಗು ತಲೆ ಬಡಿದು ಆದ ಪೆಟ್ಟು ಇವುಗಳಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ.

ಯಾವ ಅಪಾಯವೂ ಇಲ್ಲದವರು

ಇಷ್ಟೆಲ್ಲ ಓದಿ “ಇದರಲ್ಲಿ ಯಾವುದೂ ನನಗಿಲ್ಲ” ಎಂದು ನಿರಾಳವಾಗುವವರಿಗೆ ಹೇಳಲೇಬೇಕಾದ ಮಾತಿದೆ. ಸ್ತನ ಕ್ಯಾನ್ಸರ್ ಬಂದ ಹೆಚ್ಚಿನವರ ಮನೆತನದಲ್ಲಿ ಹಿಂದೆ ಯಾರಿಗೂ ಬಂದಿರುವುದಿಲ್ಲ. ಹಾಲು ಕುಡಿಸಿದವರಿಗೂ, ಒಂದು ಹನಿ ಮದ್ಯ ಮುಟ್ಟದವರಿಗೂ ಬರುತ್ತದೆ. ಅಪಾಯದ ಅಂಶಗಳ ಉಪಯೋಗ ಯಾರು ಎಂಆರ್‌ಐ, ಜೀನ್ ಪರೀಕ್ಷೆ ಎಂದು ಮೊದಲೇ ಹೊರಡಬೇಕು ಎಂದು ತಿಳಿಯುವುದಕ್ಕೆ. ಕೈಗೆ ಸಿಕ್ಕ ಗಂಟನ್ನು ಕಡೆಗಣಿಸಲು ಅವು ನೆಪವಾಗಬಾರದು.

ಅಪಾಯವಿಲ್ಲದ ಇಪ್ಪತ್ತೈದರ ಹುಡುಗಿ ಪ್ಯಾಕೇಜಿನಲ್ಲಿದೆ ಎಂದು ಮ್ಯಾಮೊಗ್ರಾಂ ಮಾಡಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಈ ವಯಸ್ಸಿನಲ್ಲಿ ಸ್ತನದಲ್ಲಿ ಕೊಬ್ಬು ಕಡಿಮೆ, ಗ್ರಂಥಿ ಹೆಚ್ಚು. ಗ್ರಂಥಿಯೂ ಗಡ್ಡೆಯೂ ಎರಡೂ ಬೆಳ್ಳಗೆ ಕಾಣುವುದರಿಂದ ಒಂದರೊಳಗೊಂದು ಮುಚ್ಚಿಹೋಗುತ್ತದೆ. ಅದಕ್ಕೇ ಚಿಕ್ಕವರಿಗೆ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ. ತಿಂಗಳು ತಿಂಗಳು ಕನ್ನಡಿಯ ಮುಂದೆ ನಿಂತು ಕ್ರಮಪ್ರಕಾರ ಪರೀಕ್ಷಿಸಿಕೊಂಡರೆ ಸಾವು ತಪ್ಪುತ್ತದೆಯೇ ಎಂದು ಶಾಂಘೈನಲ್ಲಿ 2.66 ಲಕ್ಷ ಜವಳಿ ಕಾರ್ಮಿಕ ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ಪರೀಕ್ಷೆಯ ದಿನ ತಪ್ಪಿತೆಂದು ಕೊರಗಬೇಡಿ. ನಿಮ್ಮ ಎದೆ ಸಹಜವಾಗಿ ಹೇಗಿರುತ್ತದೆ, ಮುಟ್ಟಿನ ಮುಂಚೆ ಹೇಗೆ ಬಿಗಿಯಾಗುತ್ತದೆ ಎಂಬುದು ನಿಮಗೆ ಗೊತ್ತಿರಲಿ. ಹೊಸದೇನಾದರೂ ಬಂದರೆ ತಾನಾಗಿ ತಿಳಿಯುತ್ತದೆ. ಮೂವತ್ತು ದಾಟಿದ ಹೆಂಗಸರಿಗೆ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿಯಿಂದ ಎದೆಯ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಲು ಹೋದಾಗ ಆಶಾ ಕಾರ್ಯಕರ್ತೆಯನ್ನು ಕೇಳಿ.

ನೋವಿಲ್ಲದ ಗಟ್ಟಿ ಗಂಟು, ಎದೆಯ ಚರ್ಮದಲ್ಲಿ ಗುಳಿ, ಕಿತ್ತಳೆ ಸಿಪ್ಪೆಯಂತೆ ದಪ್ಪಗಾದ ಚರ್ಮ, ಮೊದಲು ಸರಿಯಿದ್ದು ಈಗ ಒಳಗೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ತೊಟ್ಟಿನ ಮೇಲೆ ವಾಸಿಯಾಗದ ತುರಿಕೆ ಹುಣ್ಣು, ಕಂಕುಳಲ್ಲಿ ಗಂಟು: ಇವುಗಳಲ್ಲಿ ಯಾವುದು ಕಂಡರೂ ವಯಸ್ಸು ನೋಡದೆ ತೋರಿಸಬೇಕು. ನೋವಿಲ್ಲ ಎಂಬುದೇ ಹೆಂಗಸರನ್ನು ಮೋಸಗೊಳಿಸುವುದು. ಮುಟ್ಟಿನ ಹಿಂದೆಮುಂದೆ ಎರಡೂ ಎದೆಯಲ್ಲಿ ಬರುವ ನೋವು ಸಾಮಾನ್ಯವಾಗಿ ಕ್ಯಾನ್ಸರಿನದಲ್ಲ.

ಸರಿಯಾದ ತಪಾಸಣೆ ಎಂದರೆ ಮೂರು ಹಂತ: ಡಾಕ್ಟರು ಕೈಯಿಂದ ಪರೀಕ್ಷಿಸುವುದು, ಸ್ಕ್ಯಾನಿಂಗ್, ಅನುಮಾನವಿದ್ದರೆ ಸೂಜಿ ಬಯಾಪ್ಸಿ. ಮೂರರ ಉತ್ತರವೂ ಒಂದೇ ಆದಾಗ ಮಾತ್ರ ನಿಶ್ಚಿಂತೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಮಾತನ್ನು ಹಳ್ಳಿಯಲ್ಲೂ ಪೇಟೆಯಲ್ಲೂ ಕೇಳಿದ್ದೇನೆ. ಅದು ಸುಳ್ಳು, ಈ ಸುಳ್ಳಿನಿಂದ ಹೆಂಗಸರು ಸಾಯುತ್ತಿದ್ದಾರೆ. ಡಾಕ್ಟರು ಕೈಯಿಟ್ಟು ನೋಡದೆಯೇ “ಏನಿಲ್ಲ” ಎಂದರೆ ಇನ್ನೊಬ್ಬರ ಬಳಿ ಹೋಗಿ. ಬೆಂಗಳೂರಿನ ಕಿದ್ವಾಯಿ, ಕಲಬುರಗಿಯ ಅದರ ಶಾಖೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ನಮ್ಮ ರಾಜ್ಯದಲ್ಲೇ ಇವೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಮಾಡಿಸಿಕೊಳ್ಳಿ.

ವರದಿಯಲ್ಲಿ ಕ್ಯಾನ್ಸರ್ ಎಂದೇ ಬಂದರೆ, ಚಿಕ್ಕ ವಯಸ್ಸಿನವರು ಮೊದಲ ಭೇಟಿಯಲ್ಲೇ ಎರಡು ಪ್ರಶ್ನೆ ಕೇಳಬೇಕು. ಜೀನ್ ಪರೀಕ್ಷೆ ಬೇಕೇ ಎಂಬುದು ಒಂದು, ಏಕೆಂದರೆ ಅದರ ಉತ್ತರದಿಂದ ಆಪರೇಷನ್ ಮತ್ತು ಔಷಧಿಯ ಆಯ್ಕೆಯೇ ಬದಲಾಗಬಹುದು. ಮುಂದೆ ಮಗು ಬೇಕೆನ್ನುವವರು ಕೇಳಬೇಕಾದದ್ದು ಇನ್ನೊಂದು: ಕೀಮೋದಿಂದ ಅಂಡಾಶಯಕ್ಕೆ ಪೆಟ್ಟಾಗಬಹುದಾದ್ದರಿಂದ ಅಂಡಾಣು ಅಥವಾ ಭ್ರೂಣವನ್ನು ಶೀತಲೀಕರಿಸಿ ಇಡಲು ಸಮಯವಿದೆಯೇ? ಎರಡು ಮೂರು ವಾರದಲ್ಲಿ ಮುಗಿಯುವ ಕೆಲಸ ಅದು. ಗಡಿಬಿಡಿಯಲ್ಲಿ ಡಾಕ್ಟರು ಮರೆತರೂ ನೀವು ಮರೆಯಬೇಡಿ. ಮೊದಲ ಕೀಮೋದ ತಾರೀಖು ಗೊತ್ತಾಗುವ ಮೊದಲೇ ಕೇಳಿ.